ಮಾತ್ರೆ ಚೀಲ ಸುರಿಸಿ ನೋಡಿದಾಗ

ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ, ಕೀಲುವಾತ. ಇಂಥ ಕಾಯಿಲೆಗಳ ಜೊತೆ ವರ್ಷಗಟ್ಟಲೆ ಏಗುತ್ತಿರುವವರೇ ನನ್ನ ಹತ್ತಿರ ಜಾಸ್ತಿ ಬರುವುದು. ಹೃದಯಕ್ಕೆ ಒಬ್ಬರು ಡಾಕ್ಟರು, ಮಂಡಿನೋವಿಗೆ ಇನ್ನೊಬ್ಬರು, ಗ್ಯಾಸ್ಟ್ರಿಕ್‌ಗೆ ಬೀದಿ ತುದಿಯ ಮೆಡಿಕಲ್ ಶಾಪು. ಒಂದೊಂದು ಚೀಟಿಯನ್ನೂ ಬೇರೆ ಬೇರೆ ನೋಡಿದರೆ ಎಷ್ಟೋ ಸಲ ತಪ್ಪೇ ಕಾಣುವುದಿಲ್ಲ. ಎಲ್ಲ ಒಂದೇ ಹೊಟ್ಟೆಗೆ ಹೋಗುತ್ತವೆ ಅನ್ನುವುದನ್ನು ಮಾತ್ರ ಯಾರೂ ನೋಡಿರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಅದಕ್ಕೇ ಚೀಟಿ ನೋಡಿ ಸುಮ್ಮನಾಗುವುದನ್ನು ಬಿಟ್ಟೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತರಲು ಹೇಳುತ್ತೇನೆ. ಚೂರ್ಣ, ಕಷಾಯ, ಪಕ್ಕದ ಮನೆಯವರು ಕೊಟ್ಟ ನೋವಿನ ಮಾತ್ರೆ, ಎಲ್ಲ ಬರಬೇಕು. ಮೇಜಿನ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ಎತ್ತಿ ಕೇಳುತ್ತೇನೆ: "ಇದು ಯಾವುದಕ್ಕೆ? ಯಾವಾಗ ತಗೋತೀರಿ?"

ಹಾಗೆ ಸುರಿದಾಗ ಸಿಕ್ಕಿದ್ದೇ ಒಬ್ಬ ಅಜ್ಜಿಯ ಮೆಥೋಟ್ರೆಕ್ಸೇಟ್. ಬಾಯಿ ತುಂಬ ಹುಣ್ಣು, ಗಂಜಿ ಕುಡಿಯಲೂ ಆಗುತ್ತಿರಲಿಲ್ಲ. ಕೀಲುವಾತಕ್ಕೆ ಈ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಹಳೆಯ ಚೀಟಿಯಲ್ಲಿ ಹಾಗೇ ಇತ್ತು. ಬೇರೆ ಆಸ್ಪತ್ರೆಗೆ ಸೇರಿದಾಗ ಯಾರೋ ಅದನ್ನು ಹೊಸ ಹಾಳೆಗೆ ಇಳಿಸಿದ್ದರು. 'ವಾರಕ್ಕೆ' ಅನ್ನುವುದು ಬಿಟ್ಟುಹೋಗಿ 1-0-0 ಮಾತ್ರ ಉಳಿದಿತ್ತು. ಅಜ್ಜಿ ಬರೆದಂತೆಯೇ ದಿನಾ ಬೆಳಿಗ್ಗೆ ನುಂಗಿದ್ದರು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಕುಸಿದಿದ್ದವು. ಮಾತ್ರೆ ನಿಲ್ಲಿಸಿ, ಅದರ ವಿಷ ಇಳಿಸುವ ಫೋಲಿನಿಕ್ ಆಸಿಡ್ ಇಂಜೆಕ್ಷನ್ ಸಿಗುವ ಕಡೆ ಅವತ್ತೇ ಕಳಿಸಿದೆ. ಹುಷಾರಾದರು. ಆದರೆ "ಅಜ್ಜಿಗೆ ಮರೆವು, ಸರಿಯಾಗಿ ತಗೊಂಡಿಲ್ಲ" ಎಂದು ಅಲ್ಲಿ ಯಾರೋ ಮಗನಿಗೆ ಹೇಳಿದ್ದರಂತೆ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ಈಗ ಈ ಮಾತ್ರೆ ಬರೆಯುವ ಮುಂಚೆ ಕೇಳುತ್ತೇನೆ, "ನಿಮ್ಮೂರಲ್ಲಿ ಸಂತೆ ಯಾವತ್ತು ಅಮ್ಮ?" ಮಂಗಳವಾರ ಅಂದರೆ, ಚೀಟಿಯ ಮೇಲೆ ಕನ್ನಡದಲ್ಲಿ ದಪ್ಪಗೆ 'ಸಂತೆ ದಿನ, ಮಂಗಳವಾರ ಮಾತ್ರ' ಎಂದು ಬರೆಯುತ್ತೇನೆ. ಒಂದು ಸಲಕ್ಕೆ ನಾಲ್ಕು ವಾರಕ್ಕಾಗುವಷ್ಟೇ ಕೊಡಿಸುತ್ತೇನೆ. ಇದರ ಜೊತೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಕೂಡ ಸಾಮಾನ್ಯವಾಗಿ ಹಳದಿ ಬಣ್ಣದ ಪುಟ್ಟ ಮಾತ್ರೆಯೇ. ಒಂದಕ್ಕೊಂದು ಅದಲು ಬದಲಾಗದಂತೆ ಅದರ ದಿನವನ್ನೂ ಬೇರೆ ಬರೆಯುತ್ತೇನೆ.

ಇನ್ಸುಲಿನ್ ವಿಷಯದಲ್ಲಿ ಸಿರಿಂಜನ್ನೂ ತರಿಸಿ ನೋಡಲೇಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಕೆಲವದರಲ್ಲಿ 100. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್ ಹಾಕಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಮನೆಯವರು ಲೆಕ್ಕ ತಪ್ಪಿಲ್ಲ ಅಂತಲೇ ಅಂದುಕೊಂಡಿರುತ್ತಾರೆ, ಅಷ್ಟರಲ್ಲಿ ರೋಗಿಗೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿರುತ್ತದೆ. ನನ್ನ ಮುಂದೆಯೇ ಒಮ್ಮೆ ಎಳೆದು ತೋರಿಸಿ ಅನ್ನುತ್ತೇನೆ. ಬಾಯಲ್ಲಿ ಹೇಳಿದರೆ ಸಾಲದು.

ಇನ್ನು ಮಂಡಿನೋವಿನ ಮಾತ್ರೆ. ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಡೈಕ್ಲೋಫೆನಾಕ್ ಸೇರಿದರೆ ಮೊದಲೇ ಸೋತ ಕಿಡ್ನಿ ಇನ್ನೂ ಕೆಡುತ್ತದೆ. ಒಂದೇ ಔಷಧ ಎರಡು ಕಂಪನಿಯ ಹೆಸರಲ್ಲಿ ಎರಡೆರಡು ಸಲ ಹೊಟ್ಟೆ ಸೇರುವುದೂ ಉಂಟು. ಔಷಧದ ಮೂಲ ಹೆಸರನ್ನೇ, ಓದಲು ಬರುವಂತೆ ಬರೆಯಿರಿ ಎಂದು ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ಆದರೂ ಇವತ್ತಿಗೂ ಎಷ್ಟೋ ಚೀಟಿಗಳನ್ನು ನಾನೇ ಓದಲು ಒದ್ದಾಡುತ್ತೇನೆ. ಹಾಗಿರುವಾಗ ರೋಗಿಗಳ ಪಾಡು ಏನು?

ಸಂಶಯ ಬಂದರೆ ಬರೆದವರಿಗೇ ಫೋನ್ ಮಾಡುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಆಗಲಿ. ಡಿಸ್ಚಾರ್ಜ್ ಚೀಟಿ ಬರೆಯುವ ಕಿರಿಯ ಡಾಕ್ಟರುಗಳನ್ನು ಒಂದು ಕೇಳಿಕೊಳ್ಳುತ್ತೇನೆ. ಹೊಸದಾಗಿ ಏನು ಕೊಟ್ಟಿದ್ದೀರಿ ಅನ್ನುವುದರ ಜೊತೆಗೆ, ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಿದ್ದೀರಿ, ಯಾಕೆ ಅನ್ನುವುದನ್ನೂ ಬರೆಯಿರಿ. ಆ ಸಾಲು ಇಲ್ಲದಿದ್ದರೆ ಮನೆಯಲ್ಲಿ ಉಳಿದಿರುವ ಹಳೆಯ ಸ್ಟ್ರಿಪ್ಪನ್ನು ಅವರು ನುಂಗುತ್ತಲೇ ಇರುತ್ತಾರೆ.