ಅಂಡಮಾನ್ ಪ್ರವಾಸ: ಉಬ್ಬರವಿಳಿತ ನೋಡಿ ದಿನ ಹೊಂದಿಸಿದ್ದು

ಅಂಡಮಾನಿಗೆ ಹೊರಡುವವರು ಮೊದಲು ಜಾಗಗಳ ಪಟ್ಟಿ ಮಾಡಿ, ಆಮೇಲೆ ದಿನ ಹಂಚುತ್ತಾರೆ. ನಾನು ಪಂಚಾಂಗದಿಂದ ಶುರು ಮಾಡಿದೆ. ಅಮಾವಾಸ್ಯೆ, ಹುಣ್ಣಿಮೆಗಳನ್ನು ಗುರುತು ಹಾಕಿಕೊಂಡು, ಪೋರ್ಟ್ ಬ್ಲೇರ್‌ನ (2024ರಿಂದ ಶ್ರೀ ವಿಜಯಪುರಂ) ಉಬ್ಬರವಿಳಿತದ ಕೋಷ್ಟಕವನ್ನು ಪಕ್ಕಕ್ಕಿಟ್ಟುಕೊಂಡೆ.

ಅಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ಹಾಗಾಗಿ ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು 2 ಮೀಟರಿನಷ್ಟು ಏರಿಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಅದರ ಅರ್ಧವೂ ಕಷ್ಟ.

ಇದು ಎಲ್ಲಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಶಹೀದ್ ದ್ವೀಪದಲ್ಲಿ, ಅಂದರೆ ಹಳೆಯ ನೀಲ್‌ನಲ್ಲಿ. ಲಕ್ಷ್ಮಣಪುರದ ಕಲ್ಲಿನ ಕಮಾನಿಗೆ ಹೋಗುವ ದಾರಿ ಹವಳದ ಹಾಸು. ನೀರು ಇಳಿದಾಗ ಮಾತ್ರ ನಡೆಯಬಹುದು. ಕೋಷ್ಟಕದಲ್ಲಿ ಇಳಿತದ ಮಟ್ಟ 0.5 ಮೀಟರಿಗಿಂತ ಕಡಿಮೆ ಇರುವ ದಿನ ಆರಿಸಿ, ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ದಡ ಮುಟ್ಟಬೇಕು. ಕಲ್ಲಿನ ಗುಂಡಿಗಳಲ್ಲಿ ನಿಂತ ನೀರಲ್ಲಿ ಸಮುದ್ರಸೌತೆ, ಪುಟ್ಟ ಏಡಿ, ಬಣ್ಣದ ಮೀನು ಕಾಣುವುದು ಆಗಲೇ. ನೀರು ತಿರುಗುತ್ತಿದ್ದಂತೆ ವಾಪಸ್ ಹೊರಡಿ. ಮೊದಲ ಗಂಟೆ ಅದು ಮೆಲ್ಲಗೆ ಏರುತ್ತದೆ, ಅದನ್ನು ನಂಬಿ ಕೂತರೆ ಮೂರನೇ ಗಂಟೆಯ ರಭಸಕ್ಕೆ ಸಿಕ್ಕಿಬೀಳುತ್ತೀರಿ. ಹವಾಯಿ ಚಪ್ಪಲಿ ಬೇಡ; ಪಾಚಿಗಲ್ಲಿನ ಮೇಲೆ ಜಾರುತ್ತದೆ, ಹವಳ ತಾಗಿದ ಗಾಯ ಬೇಗ ಮಾಯುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ, ದಪ್ಪ ಅಡಿಯ ಸ್ಯಾಂಡಲ್ ಸರಿ. ಜೀವಂತ ಹವಳದ ಮೇಲೆ ಕಾಲಿಡದೆ ಮರಳಿರುವ ಕಡೆ ಹೆಜ್ಜೆ ಹಾಕಿ.

ಅದೇ ದ್ವೀಪದ ಭರತ್‌ಪುರ ಕಡಲತೀರದ ಲೆಕ್ಕ ಉಲ್ಟಾ. ಇಳಿತದಲ್ಲಿ ಅಲ್ಲಿ ದೋಣಿ ಹವಳದ ಮೇಲೆ ಹೋಗಲಾರದು, ಈಜಲು ಹೋದರೆ ನೀರು ಮೊಣಕಾಲಿಗೂ ಬರುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ದಿನಕ್ಕೆ ಜೋಡಿ ಮಾಡಬಹುದು: ಇಳಿತಕ್ಕೆ ಕಮಾನು, ಉಬ್ಬರಕ್ಕೆ ಭರತ್‌ಪುರ. ಸ್ವರಾಜ್ ದ್ವೀಪದಲ್ಲಿ (ಹ್ಯಾವ್‌ಲಾಕ್) ರಾಧಾನಗರ ಕಡಲತೀರಕ್ಕೆ ಇಷ್ಟು ಲೆಕ್ಕ ಬೇಕಿಲ್ಲ. ಪೂರ್ವ ದಡದ ವಿಜಯನಗರಕ್ಕೆ ಬೇಕು.

ಗಡಿಯಾರದ ಕಡೆಗೂ ಗಮನವಿರಲಿ. ನಮ್ಮ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ, ಅಂಡಮಾನ್ ಇರುವುದು 92.7ರ ಸುತ್ತ. ಸೂರ್ಯ 40 ನಿಮಿಷ ಮುಂದೆ. ಡಿಸೆಂಬರಿನಲ್ಲಿ ಸಂಜೆ 5ಕ್ಕೆಲ್ಲ ಮುಳುಗುತ್ತಾನೆ, ಆದ್ದರಿಂದ ಐದೂವರೆಯ ಇಳಿತ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳಿಗೆ ಹೋಗುವ ದಿನ ಕೋಷ್ಟಕ ಬದಿಗಿಡಿ. ಅಂದು ನಡೆಯುವುದು ಜಿರ್ಕಾಟಾಂಗ್ ಗೇಟಿನ ಸಮಯ. ಜಾರವಾ ಬುಡಕಟ್ಟಿನ ಮೀಸಲು ಪ್ರದೇಶದೊಳಗೆ ವಾಹನಗಳನ್ನು ನಿಗದಿತ ವೇಳೆಗೆ ಸಾಲಾಗಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಯಾರಿಗೂ ತಿನ್ನಲು ಕೊಡುವಂತಿಲ್ಲ. ಅಲ್ಲಿನ ಜನ ನೋಡುವ ವಸ್ತುವಲ್ಲ; ಅವರನ್ನು 'ತೋರಿಸುತ್ತೇವೆ' ಎನ್ನುವ ಚಾಲಕನ ಗಾಡಿ ಹತ್ತಲೇಬೇಡಿ. ಬೆಳಗಿನ ಮೊದಲ ಸಾಲು ತಪ್ಪಿದರೆ ಹೆಚ್ಚುಕಡಿಮೆ ಅಂದಿನ ಯೋಜನೆಯೇ ತಪ್ಪಿದಂತೆ. ಏಕೆಂದರೆ ಮುಂದೆ ಕಡಲಿನ ಕವಲು ದಾಟುವ ಹಡಗು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ದೋಣಿ, ಮತ್ತೆ ನಡಿಗೆ ಇದೆ, ವಾಪಸ್ಸಿಗೂ ಇದೇ ಗೇಟು.

ವಿಮಾನದ ಹಿಂದಿನ ರಾತ್ರಿ ಮಾತ್ರ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಸಮುದ್ರ ಕೆಟ್ಟರೆ ಹಡಗು ರದ್ದಾಗುತ್ತದೆ. ಆ ಬಿಡುವನ್ನು 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲಾರ್ ಜೈಲಿಗೆ ಕೊಡಿ. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಹೊರಡುವ ಮುಂಚೆ ಮಕ್ಕಳ ಜೇಬು, ಚೀಲದ ಮೂಲೆ ಕೊಡವಿ ನೋಡಿ. ಸತ್ತ ಹವಳದ ಚೂರನ್ನೂ ಒಯ್ಯುವಂತಿಲ್ಲ, ತಪಾಸಣೆಯಲ್ಲಿ ಸಿಕ್ಕರೆ 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.