ಬಾತ್‌ನ ಸಾಲುಮನೆಯ ಹಿಂಗೋಡೆಗೆ ಸುಣ್ಣದ ಗಾರೆ: ನನ್ನ ಅನುಭವ

ಎರಡು ಚಳಿಗಾಲ ಕಳೆದವು, ಗೋಡೆ ಒಣಗಿಯೇ ಇದೆ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ಇಂಗ್ಲೆಂಡಿನ ಬಾತ್ ನಗರಕ್ಕೆ ಬಂದವರು ರಾಯಲ್ ಕ್ರೆಸೆಂಟ್‌ನ 114 ಕಂಬಗಳಿಗೆ ಮರುಳಾಗಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಗಾರೆ ಕೆಲಸದವನಾದ ನಾನು ಮೊದಲು ಹಿತ್ತಿಲಿಗೆ ಹೋಗುತ್ತೇನೆ. 1767ರಿಂದ 1774ರ ನಡುವೆ ಕಿರಿಯ ಜಾನ್ ವುಡ್ ಅಲ್ಲಿ ರೂಪಿಸಿದ್ದು ಮುಂಭಾಗವನ್ನು. ಅದರ ಹಿಂದಿನ ಮನೆಯನ್ನು ಕೊಂಡವರು ತಮ್ಮ ತಮ್ಮ ಮೇಸ್ತ್ರಿಗಳಿಂದ ಕಟ್ಟಿಸಿಕೊಂಡರು. ಎದುರಿಗೆ ಒಂದೇ ಅರಮನೆ, ಹಿಂದೆ 30 ಮನೆಗಳ 30 ಬುದ್ಧಿ.

ನನಗೆ ಸಿಕ್ಕಿದ್ದು ಅದೇ ಕಾಲದ, ಅಷ್ಟೇನೂ ಹೆಸರಿಲ್ಲದ ಒಂದು ಸಾಲಿನ ಮನೆ. ಮುಂದೆ ನಯವಾಗಿ ಕೆತ್ತಿದ ಬಾತ್ ಕಲ್ಲು, ಸಂದಿನಲ್ಲಿ ಕರಣೆಯ ತುದಿಯೂ ತೂರದು. ಹಿಂದೆ ಒರಟು ಕಲ್ಲಿನ ಗೋಡೆ, ಅದರ ಮೇಲೆ ಯಾವ ಪುಣ್ಯಾತ್ಮನೋ ಬಳಿದ ಸಿಮೆಂಟ್. ಒಳಗೆ ಹೋದ ನೀರಿಗೆ ಹೊರದಾರಿಯಿಲ್ಲ, ಕೆಳಗಿನ ಕೋಣೆಯೆಲ್ಲ ಬೂಷ್ಟು. ತೇವ ತಡೆಯಲು ಗೋಡೆಗೆ ರಾಸಾಯನಿಕ ಚುಚ್ಚಲು ಒಬ್ಬ ಗುತ್ತಿಗೆದಾರರು ಸುಮಾರು ಏಳು ಸಾವಿರ ಪೌಂಡ್ ಹೇಳಿದ್ದರು. ನಾನು ಸುಣ್ಣ ಎಂದಾಗ, ‘ಈ ಮಳೆಗೆ ಸುಣ್ಣ ನಿಲ್ಲುವುದೇ?’ ಎಂದು ನಕ್ಕರು. ಆ ಮನೆ ಅಷ್ಟು ವರ್ಷ ನಿಂತಿದ್ದು ಯಾವುದರ ಮೇಲೆ ಎಂದು ನಾನು ಕೇಳಲಿಲ್ಲ.

ಸಂರಕ್ಷಿತ ಕಟ್ಟಡವಾದ್ದರಿಂದ ಅನುಮತಿಗೇ ಮೂರು ತಿಂಗಳು ಹಿಡಿಯಿತು. ಅವಸರಪಟ್ಟು ಯಂತ್ರದಿಂದ ಸಿಮೆಂಟ್ ಕೀಳಲು ಹೋಗಿ ಹತ್ತು ಹನ್ನೆರಡು ಕಲ್ಲುಗಳ ಮುಖ ಕಿತ್ತುಬಂತು. ಆಮೇಲೆ ಉಳಿ, ಸುತ್ತಿಗೆಯೇ ಗತಿ; ಕೂಲಿ ಎರಡರಷ್ಟಾಯಿತು. ನವೆಂಬರಿನಲ್ಲಿ ಹಾಕಿದ ಗಾರೆ ಹಿಮಕ್ಕೆ ಸಿಕ್ಕಿ ಹಪ್ಪಳದಂತೆ ಎದ್ದಿತು. ಒಂಬೈನೂರು ಪೌಂಡ್ ಮಣ್ಣುಪಾಲು. ಮೇ ತಿಂಗಳಲ್ಲಿ ಮತ್ತೆ ಶುರು ಮಾಡಿದೆ: ಎನ್‌ಎಚ್‌ಎಲ್ 3.5 ಎಂಬ, ನೀರು ಬೆರೆತರೆ ಗಟ್ಟಿಯಾಗುವ ಸುಣ್ಣ, ಅದರ ಒಂದು ಪಾಲಿಗೆ ಎರಡೂವರೆ ಪಾಲು ಮರಳು, ಮೇಲೆ ಒದ್ದೆ ಗೋಣಿತಾಟು. ಕೊನೆಯ ಕೈಯನ್ನು ಯಾವಾಗ ಎಳೆಯಬೇಕೆಂದು ಮಾತ್ರ ಹೇಳುವುದಿಲ್ಲ. ಅದು ನನ್ನ ಅನ್ನ.

ನಡುವೆ ಊರಿನ ಚಪಲ ಬಿಡಲಿಲ್ಲ. ಹಿತ್ತಿಲಲ್ಲಿ ಬಿದ್ದಿದ್ದ ಕಲ್ಲುಗಳ ಮೇಲೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರಿನ ಗಾರೆ ಹಾಕಿ ನೋಡಿದೆ. ಗಟ್ಟಿಯೇನೋ ಆಯಿತು, ಆದರೆ ಜೇನುಬಣ್ಣದ ಕಲ್ಲಿನ ಮೇಲೆ ಕಾಫಿ ಚೆಲ್ಲಿದಂತೆ ಕಲೆ. ಅಲ್ಲಿಗೆ ಕೈಬಿಟ್ಟೆ.

ಒಂದು ಸತ್ಯ ಒಪ್ಪಿಕೊಳ್ಳಬೇಕು. ಒದ್ದೆಯ ಅರ್ಧ ಪಾಲು ಸಿಮೆಂಟಿನದಲ್ಲ. ಎರಡು ಇಳಿಜಾರು ಚಾವಣಿಗಳ ನಡುವೆ ಮಳೆನೀರು ಹರಿಯುವ ಸೀಸದ ದೋಣಿ ಸೀಳಿತ್ತು; ಅದನ್ನು ನಾನು ಕಂಡದ್ದು ಗಾರೆಯೆಲ್ಲ ಮುಗಿದ ಮೇಲೆ, ಏಣಿ ಇಳಿಸುವ ದಿನ. ಅದಕ್ಕೆ ಇನ್ನೂ ಆರುನೂರು. ಒಟ್ಟು ಹನ್ನೊಂದು ಸಾವಿರದ ಆಸುಪಾಸು ಆಗಿರಬೇಕು. ಚುಚ್ಚುವುದಕ್ಕಿಂತ ದುಬಾರಿಯೇ.

ನಕ್ಕಿದ್ದ ಗುತ್ತಿಗೆದಾರರು ಮೊನ್ನೆ ಫೋನ್ ಮಾಡಿ ಮರಳು ಎಲ್ಲಿಂದ ತರಿಸಿದಿರಿ ಎಂದು ಕೇಳಿದರು. ಲಾರಿಯಲ್ಲಿ ಬಂತು ಎಂದೆ.