ಟೂ-ಟೂ ಡಿಗ್ರಿ ಇಟ್ಟುಕೊಂಡು ಮೆಡಿಸಿನ್ ಸೀಟು: ನಾನು ಮಾಡಿದ್ದು ಹೀಗೆ

ಇಂಗ್ಲೆಂಡಿನಲ್ಲಿ 2:2 ಡಿಗ್ರಿ (ಟೂ-ಟೂ, ಸೆಕೆಂಡ್ ಕ್ಲಾಸ್‌ನ ಕೆಳಗಿನ ದರ್ಜೆ) ಬಂದರೆ ಗ್ರಾಜುಯೇಟ್ ಎಂಟ್ರಿ ಮೆಡಿಸಿನ್, ಅಂದರೆ ಡಿಗ್ರಿ ಆದವರಿಗಿರುವ ನಾಲ್ಕು ವರ್ಷದ ಮೆಡಿಸಿನ್ ಕೋರ್ಸಿನ ಆಸೆ ಬಿಟ್ಟುಬಿಡಬೇಕು ಅನ್ನುವುದು ಇಲ್ಲಿನ ನಮ್ಮ ಜನರ ಮಧ್ಯೆ ವೇದವಾಕ್ಯ. ನನ್ನದು ಬಯೋಮೆಡಿಕಲ್ ಸೈನ್ಸ್, 57 ಚಿಲ್ಲರೆ ಪರ್ಸೆಂಟ್. ಈ ವರ್ಷ ಸೆಪ್ಟೆಂಬರ್‌ನಲ್ಲಿ ನಾಲ್ಕು ವರ್ಷದ ಮೆಡಿಸಿನ್ ಕೋರ್ಸಿಗೆ ಸೇರುತ್ತಿದ್ದೇನೆ. ಎಂಎಸ್ಸಿ ಮಾಡಲಿಲ್ಲ, ಕೋಚಿಂಗ್‌ಗೆ ಹೋಗಲಿಲ್ಲ. ಸ್ವಲ್ಪ ಜಂಭ ಅನ್ನಿಸಿದರೆ ಅನ್ನಿಸಲಿ, ಎರಡು ವರ್ಷ ಎಲ್ಲರ ಬುದ್ಧಿವಾದ ಕೇಳಿದ್ದೇನೆ.

ಯೂಕಾಸ್ (ಯೂನಿವರ್ಸಿಟಿಗಳಿಗೆ ಹಾಕುವ ಅರ್ಜಿ) ತುಂಬುವುದು ಹೇಗೆ, ಗ್ಯಾಮ್‌ಸ್ಯಾಟ್ (ಡಿಗ್ರಿ ಆದವರಿಗಿರುವ ಮೆಡಿಸಿನ್ ಪ್ರವೇಶ ಪರೀಕ್ಷೆ) ಹೇಗಿರುತ್ತದೆ ಅನ್ನುವುದೆಲ್ಲ ಓದುತ್ತಿರುವ ಬಹಳಷ್ಟು ಜನರಿಗೆ ಗೊತ್ತೇ ಇರುತ್ತದೆ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲ ವರ್ಷ ಯೂಕ್ಯಾಟ್ ಅನ್ನುವ ಇನ್ನೊಂದು ಪ್ರವೇಶ ಪರೀಕ್ಷೆ ನಂಬಿಕೊಂಡು ಹೋದೆ. ಪರೀಕ್ಷೆಗೆ 70 ಪೌಂಡ್ ಆಸುಪಾಸು, ಯೂಕಾಸ್‌ಗೆ ಇನ್ನೊಂದು 27-28. ಸ್ಕೋರ್ ಚೆನ್ನಾಗಿಯೇ ಬಂತು. ಅಪ್ಪನ ಆರೋಗ್ಯ ಕೆಟ್ಟು ಕೊನೆಯ ವರ್ಷ ಮಾರ್ಕ್ಸ್ ಬಿದ್ದದ್ದಕ್ಕೆ ಕಾಲೇಜಿನಿಂದ ಪತ್ರವೂ ಇತ್ತು. ನಾಲ್ಕು ಕಡೆಯಿಂದಲೂ ಇಲ್ಲ ಅಂತ ಬಂತು, ಎರಡಂತೂ ಕ್ರಿಸ್‌ಮಸ್‌ಗೂ ಮೊದಲೇ. ಒಂದು ಕಡೆಯವರು "ವಿಶೇಷ ಸಂದರ್ಭಗಳನ್ನು ಪರಿಗಣಿಸುತ್ತೇವೆ" ಎಂದು ಹಾಕಿಕೊಂಡಿದ್ದರು. ಉತ್ತರ ನೋಡಿದರೆ ಆ ಪತ್ರವನ್ನು ತೆರೆದೇ ಇರಲಿಲ್ಲ, ಅಷ್ಟೇ.

ಆ ಯುಗಾದಿ ಕಾರ್ಯಕ್ರಮದಲ್ಲಿ ನಮ್ಮ ಡಾಕ್ಟರ್ ಅಂಕಲ್ ಒಬ್ಬರು ಹೋಳಿಗೆ ತಟ್ಟೆ ಹಿಡಿದುಕೊಂಡೇ ಕ್ಲಾಸ್ ತೆಗೆದುಕೊಂಡರು. "ನಾಲ್ಕು ಚಾಯ್ಸ್ ಸುಮ್ನೆ ಯಾಕಪ್ಪಾ ಹಾಳ್ಮಾಡ್ತೀಯ? ಎಂಎಸ್ಸಿ ಮಾಡು. ಇಲ್ಲಾಂದ್ರೆ ಊರಲ್ಲಿ ಎನ್‌ಆರ್‌ಐ ಕೋಟಾ ನೋಡು." ಎನ್‌ಆರ್‌ಐ ಕೋಟಾಕ್ಕೆ ಎಷ್ಟು ಲಕ್ಷ ಬೇಕು ಅಂತ ಅಂಕಲ್‌ಗೂ ಗೊತ್ತು, ನನಗೂ ಗೊತ್ತು. ಎಂಎಸ್ಸಿ ಲೆಕ್ಕ ಮಾತ್ರ ಕೂತು ಹಾಕಿದೆ. ಫೀಸು 11-12 ಸಾವಿರ ಪೌಂಡ್. ಪೋಸ್ಟ್‌ಗ್ರಾಜುಯೇಟ್ ಸಾಲ ಸಿಗುತ್ತದೆ, ಆದರೆ ಅದು ಪೂರ್ತಿ ಫೀಸಿಗೇ ಹೋಗುತ್ತದೆ. ಊಟ, ಬಾಡಿಗೆ ಕೈಯಿಂದ. ಒಂದು ವರ್ಷ ಬೇರೆ.

ಐದು ವರ್ಷದ ಮಾಮೂಲಿ ಕೋರ್ಸಿಗೂ ಹಾಕಬಹುದಲ್ವಾ ಎಂದು ಕೇಳುತ್ತಾರೆ. ಹಾಕಬಹುದು. ಆದರೆ ಎರಡನೇ ಡಿಗ್ರಿ ಅನ್ನುವ ಕಾರಣಕ್ಕೆ ಮೊದಲ ನಾಲ್ಕು ವರ್ಷ ಟ್ಯೂಷನ್ ಫೀ ಸಾಲ ಇಲ್ಲ. ನಾನು ಲೆಕ್ಕ ಹಾಕಿದಾಗ ವರ್ಷಕ್ಕೆ 9,250 ಇತ್ತು. ನಾಲ್ಕು ವರ್ಷಕ್ಕೆ 37 ಸಾವಿರ ಪೌಂಡ್, ಕೈಯಿಂದ. ಅಪ್ಪನಿಗೆ ಆ ಹಾಳೆ ತೋರಿಸಲೂ ಇಲ್ಲ.

ಆಮೇಲೆ ಒಂದು ಭಾನುವಾರ ಎಲ್ಲ ಯೂನಿವರ್ಸಿಟಿಗಳ ಆಯ್ಕೆ ನಿಯಮಗಳನ್ನು ಎಕ್ಸೆಲ್‌ಗೆ ಹಾಕಿದೆ. ಆಗ ಕಂಡಿದ್ದು ಇಷ್ಟು. ಕೆಲವು ಕಡೆ 2:1 (ಸೆಕೆಂಡ್ ಕ್ಲಾಸ್‌ನ ಮೇಲಿನ ದರ್ಜೆ) ಇಲ್ಲದಿದ್ದರೆ ಅರ್ಜಿ ನೋಡುವುದೇ ಇಲ್ಲ. ಇನ್ನು ಕೆಲವು ಕಡೆ 2:2 ನಡೆಯುತ್ತದೆ, ಮೇಲೊಂದು ಮಾಸ್ಟರ್ಸ್ ಬೇಕು. ವಾರಿಕ್, ಸ್ವಾನ್ಸಿ ಆ ಗುಂಪು. ಮೂರನೇ ಗುಂಪಿನಲ್ಲಿ ಡಿಗ್ರಿ ಬರೀ ಗೇಟು. 2:2 ಇದ್ದರೆ ಒಳಗೆ ಬಿಡುತ್ತಾರೆ. ಒಳಗೆ ಹೋದ ಮೇಲೆ ಫಸ್ಟ್ ಕ್ಲಾಸ್‌ನವನೂ ನಾನೂ ಒಂದೇ ಸಾಲು, ಗ್ಯಾಮ್‌ಸ್ಯಾಟ್ ಸ್ಕೋರ್ ಜಾಸ್ತಿ ಇದ್ದವರು ಇಂಟರ್‌ವ್ಯೂಗೆ. ನಾನು ನೋಡಿದಾಗ ನಾಟಿಂಗ್‌ಹ್ಯಾಮ್, ಸೇಂಟ್ ಜಾರ್ಜಸ್ ಈ ಗುಂಪಿನಲ್ಲಿದ್ದವು. ನಿಯಮ ವರ್ಷ ವರ್ಷ ಬದಲಾಗುತ್ತದೆ. ಅಡ್ಮಿಷನ್ಸ್‌ನವರಿಗೆ ಇಮೇಲ್ ಮಾಡಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಬಾಯಿಮಾತು ಬೇಡ.

ಅಂದರೆ ಹೋರಾಟ 57 ಪರ್ಸೆಂಟಿನ ಜೊತೆಗೆ ಅಲ್ಲ, ಗ್ಯಾಮ್‌ಸ್ಯಾಟ್ ಜೊತೆಗೆ. ಅರ್ಜಿ ಜೊತೆಗಿನ ಪರ್ಸನಲ್ ಸ್ಟೇಟ್‌ಮೆಂಟ್ ತಿದ್ದುವುದು, ಡಿಗ್ರಿ ಯಾಕೆ ಕಮ್ಮಿ ಬಂತು ಅಂತ ವಿವರಿಸುವುದು ಎಲ್ಲ ಬಿಟ್ಟೆ. ಇದ್ದ ದುಡ್ಡು, ಇದ್ದ ಸಮಯ ಪೂರ್ತಿ ಒಂದೇ ಕಡೆ ಸುರಿದೆ.

ಮೊದಲ ಸಲ ಸೆಪ್ಟೆಂಬರ್‌ನಲ್ಲಿ ಕೂತೆ. 270 ಪೌಂಡ್ ಹತ್ತಿರ. ಒಟ್ಟು 56 ಬಂತು, ವಿಜ್ಞಾನದ ಸೆಕ್ಷನ್ 3 ಐವತ್ತರ ಒಳಗೆ. ಇಂಟರ್‌ವ್ಯೂ ಸಿಗಲು 60 ದಾಟಬೇಕು, ಕೆಲವು ವರ್ಷ ಇನ್ನೂ ಮೂರು ನಾಲ್ಕು ಜಾಸ್ತಿ. ಸೆಪ್ಟೆಂಬರ್ ಪರೀಕ್ಷೆಯ ಇನ್ನೊಂದು ತಲೆನೋವು ಹೇಳುತ್ತೇನೆ. ಯೂಕಾಸ್ ಕೊನೆಯ ದಿನ ಅಕ್ಟೋಬರ್ 15. ರಿಸಲ್ಟ್ ಬರುವುದು ನವೆಂಬರ್. ಸ್ಕೋರ್ ಗೊತ್ತಿಲ್ಲದೆ ನಾಲ್ಕು ಚಾಯ್ಸ್ ಹಾಕಬೇಕು. ಮಾರ್ಚ್‌ನಲ್ಲಿ ಕೂತರೆ ಮೇ ಹೊತ್ತಿಗೆ ಸ್ಕೋರ್ ಕೈಯಲ್ಲಿ. ಅದನ್ನು ನೋಡಿ ಎಲ್ಲಿ ಹಾಕಬೇಕೆಂದು ನಿರ್ಧರಿಸಬಹುದು, ಕೆಟ್ಟರೆ ಸೆಪ್ಟೆಂಬರ್ ಇದ್ದೇ ಇದೆ. ಟೂ-ಟೂ ಇರುವವರು ಮಾರ್ಚ್ ಬಿಟ್ಟು ಬೇರೆ ಯೋಚನೆಯೇ ಮಾಡಬಾರದು, ಇದು ನನ್ನ ಖಚಿತ ಅಭಿಪ್ರಾಯ.

ಸೆಕ್ಷನ್ 3ಕ್ಕೆ ಎರಡು ಪಟ್ಟು ತೂಕ ಅಂತ ಎಲ್ಲರೂ ಅದರ ಮೇಲೇ ಬೀಳುತ್ತಾರೆ. ನಾನೂ ದಪ್ಪ ಕೆಮಿಸ್ಟ್ರಿ ಪುಸ್ತಕ ತಂದಿದ್ದೆ. ಅದನ್ನು ಅರ್ಧ ಬೆಲೆಗೆ ಮಾರಿ, ಪರೀಕ್ಷೆ ನಡೆಸುವ ಏಸರ್‌ನವರ ಅಭ್ಯಾಸ ಪತ್ರಿಕೆಗಳನ್ನೇ ಮತ್ತೆ ಮತ್ತೆ ಮಾಡಿದೆ. ಬೇಕಾದ ಮಾಹಿತಿ ಬಹಳಷ್ಟು ಪ್ರಶ್ನೆಯ ಪ್ಯಾರಾದಲ್ಲೇ ಇರುತ್ತದೆ. ಗ್ರಾಫ್ ಓದುವುದು, ಯೂನಿಟ್ ತಾಳೆ ನೋಡುವುದು, ಲಾಗ್ ಲೆಕ್ಕ ಬಾಯಲ್ಲೇ ಮಾಡುವುದು, ಇಷ್ಟರಲ್ಲೇ ಏಳೆಂಟು ಅಂಕ ಏರಿತು. ಭೌತಶಾಸ್ತ್ರ ಹೇಗೂ ಐದನೇ ಒಂದು ಭಾಗ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನನಗೆ ನಿಜವಾಗಿ ದಾರಿ ಮಾಡಿಕೊಟ್ಟಿದ್ದು ಸೆಕ್ಷನ್ 2, ಎರಡು ಪ್ರಬಂಧ. ವಿಜ್ಞಾನದವರು ಇದನ್ನು ಕಸದ ಹಾಗೆ ನೋಡುತ್ತಾರೆ. ಒಂದೇ ವಿಷಯದ ಮೇಲೆ ನಾಲ್ಕೈದು ಹೇಳಿಕೆ ಕೊಟ್ಟು ಬರೆಯಿರಿ ಅನ್ನುತ್ತಾರೆ. ದುಡಿಮೆ, ದುಡ್ಡು, ಸಮಾನತೆ ಇಂಥ ವಿಷಯ ಬಂದರೆ ಇಲ್ಲಿನ ಹುಡುಗರೆಲ್ಲ ಅದೇ ಗಾಂಧಿ, ಅದೇ ಮಂಡೇಲಾ. ನಾನು ಶರಣರ ಕಾಯಕ, ದಾಸೋಹ ಹಿಡಿದುಕೊಂಡೆ. 12ನೇ ಶತಮಾನದಲ್ಲೇ ಮಡಿವಾಳರು, ಅಂಬಿಗರು, ಸೌದೆ ಮಾರುವವರು ಕೂತು ದುಡಿಮೆಯ ಬಗ್ಗೆ ವಚನ ಬರೆದರು ಅಂದರೆ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ವಾರಕ್ಕೆ ನಾಲ್ಕೈದು ಪ್ರಬಂಧ, ಗಡಿಯಾರ ಇಟ್ಟುಕೊಂಡು. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆ ವಾರ್ಡಿನಲ್ಲಿ ಜೊತೆಗಿದ್ದ ಮಲಯಾಳಿ ನರ್ಸ್ ಒಬ್ಬರು ತಿದ್ದುತ್ತಿದ್ದರು, ಕರುಣೆಯೇ ಇಲ್ಲದೆ. ಎರಡನೇ ಪ್ರಬಂಧಕ್ಕೆ ನಾನು ಕಟ್ಟಿಕೊಂಡ ಚೌಕಟ್ಟು ಇಲ್ಲಿ ಬರೆಯುವುದಿಲ್ಲ. ನನ್ನ ತಂಗಿ ಮುಂದಿನ ಮಾರ್ಚ್‌ಗೆ ಕೂರುತ್ತಿದ್ದಾಳೆ.

ಈ ಸೆಕ್ಷನ್ ಮನೆಯಿಂದಲೇ, ಕ್ಯಾಮೆರಾ ಮುಂದೆ. ಪರೀಕ್ಷೆ ದಿನ ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಅಮ್ಮಾ, ಮುಗಿಯೋವರೆಗೂ ಕುಕ್ಕರ್ ಇಡ್ಬೇಡ." ಅಮ್ಮ ಪಕ್ಕದ ಮನೆಯ ಪಂಜಾಬಿ ಆಂಟಿಗೂ ಹೋಗಿ ಹೇಳಿ ಬಂದಿದ್ದರು.

ಮಧ್ಯೆ ಕೆಲವು ಹುಚ್ಚು ಪ್ರಯೋಗಗಳೂ ನಡೆದವು. ನೈಟ್ ಶಿಫ್ಟ್ ಮುಗಿಸಿ ಬಂದ ತಕ್ಷಣ ಪತ್ರಿಕೆ ಮಾಡಿದರೆ ಪರೀಕ್ಷೆ ದಿನ ಸುಲಭವಾಗುತ್ತದೆ ಎಂದು ಒಂದೆರಡು ವಾರ ನೋಡಿದೆ. ಅಂಕ ಏರಲಿಲ್ಲ, ತಲೆನೋವು ಏರಿತು. ಬಯೋಕೆಮಿಸ್ಟ್ರಿ ಕಾರ್ಡುಗಳನ್ನು ಕನ್ನಡದಲ್ಲಿ ಬರೆದೆ. ಅದು ಮಾತ್ರ ಗಟ್ಟಿಯಾಗಿ ಕೂತಿತು. ಯಾಕೆ ಅಂತ ಕೇಳಬೇಡಿ.

ಮಾರ್ಚ್‌ನಲ್ಲಿ ಒಟ್ಟು 65ರ ಹತ್ತಿರ, ಸೆಕ್ಷನ್ 2 ಎಪ್ಪತ್ತು ದಾಟಿತ್ತು.

ಕೆಲಸ ಅಂದೆನಲ್ಲ, ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಬ್ಯಾಂಕಿನಲ್ಲಿ, ಅಂದರೆ ಬೇಕಾದಾಗ ಶಿಫ್ಟ್‌ಗೆ ಕರೆಯುವವರ ಪಟ್ಟಿಯಲ್ಲಿ, ಹೆಲ್ತ್‌ಕೇರ್ ಅಸಿಸ್ಟೆಂಟ್, ಸಂಬಳದ ದರ್ಜೆ ಬ್ಯಾಂಡ್ 2. ಆಗ ಗಂಟೆಗೆ 11-12 ಪೌಂಡ್ ಇತ್ತು, ರಾತ್ರಿ ಮತ್ತು ಭಾನುವಾರ ಜಾಸ್ತಿ. ವಯಸ್ಸಾದವರ ವಾರ್ಡು. ರೋಗಿಯನ್ನು ಮಗ್ಗುಲಾಗಿಸುವುದು, ಬೆಡ್‌ಪ್ಯಾನ್, ಶುಗರ್ ನೋಡುವುದು, ಕುಡಿದದ್ದು ಹೋದದ್ದು ಚಾರ್ಟಿನಲ್ಲಿ ಬರೆಯುವುದು. ಒಂದು ರಾತ್ರಿ ಒಬ್ಬ ಅಜ್ಜನ ಚಾರ್ಟ್ ನೋಡಿದರೆ ಬೆಳಗ್ಗಿನಿಂದ ಐದು ಲೋಟ ಟೀ ಎಂದು ಬರೆದಿತ್ತು. ಐದೂ ಲೋಟ ಟೇಬಲ್ ಮೇಲೆ ತುಂಬಿದ ಹಾಗೇ ಇದ್ದವು, ಕೈಗೆ ಎಟುಕದಷ್ಟು ದೂರದಲ್ಲಿ. ನರ್ಸ್‌ಗೆ ಹೇಳಿದೆ, ಚಾರ್ಟ್ ತಿದ್ದಿಸಿದೆ, ಸ್ಟ್ರಾ ಹಾಕಿ ಕುಡಿಸಿದೆ. ಇಂಟರ್‌ವ್ಯೂನಲ್ಲಿ ಹೇಳಲು ದೊಡ್ಡ ದೊಡ್ಡ ಕಥೆ ಬೇಕಾಗಿಲ್ಲ, ಇಂಥದ್ದು ಸಾಕು.

ಇಂಟರ್‌ವ್ಯೂ ಎಂಎಂಐ ಮಾದರಿ, ಅಂದರೆ ಸಾಲಾಗಿ ಹಲವು ಚಿಕ್ಕ ಚಿಕ್ಕ ಇಂಟರ್‌ವ್ಯೂ, ಒಂದೊಂದಕ್ಕೂ ಸ್ಟೇಷನ್ ಅನ್ನುತ್ತಾರೆ. ಸ್ಟೇಷನ್‌ನಿಂದ ಸ್ಟೇಷನ್‌ಗೆ ಓಡಾಟ. ಏನು ಕೇಳಿದರು ಅಂತ ಹೇಳುವ ಹಾಗಿಲ್ಲ. ತಯಾರಿ ಹೇಳುತ್ತೇನೆ. ಕಾಯಿಲೆಯನ್ನು ಸರಳವಾಗಿ ವಿವರಿಸುವ ಅಭ್ಯಾಸಕ್ಕೆ ತಿಪಟೂರಿನ ಅಜ್ಜಿಗೆ ವಾಟ್ಸ್‌ಆ್ಯಪ್ ಕಾಲ್ ಮಾಡುತ್ತಿದ್ದೆ. ಇನ್ಸುಲಿನ್ ಏನು ಮಾಡುತ್ತದೆ ಅಂತ ಐದು ನಿಮಿಷ ಚೆಂದವಾಗಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿ, "ಅದೆಲ್ಲಾ ಇರ್ಲಿ ಮಗಾ, ನಾನು ಮುದ್ದೆ ತಿನ್ಬೋದೋ ಬ್ಯಾಡ್ವೋ?" ಅಂದರು. ಆಮೇಲಿಂದ ರೋಗಿಗೆ ಏನು ಬೇಕು ಅನ್ನುವುದನ್ನು ಮೊದಲು ಕೇಳಿ ನಂತರ ವಿವರಿಸುವುದು ರೂಢಿಯಾಯಿತು. ದುಡ್ಡು ಕೊಟ್ಟು ಅಣಕು ಇಂಟರ್‌ವ್ಯೂ ಕೊಟ್ಟವರಿಗೂ ಇಷ್ಟು ನೇರವಾಗಿ ಯಾರೂ ಹೇಳಲಿಲ್ಲ.

ಒಟ್ಟು ಖರ್ಚು, ಎರಡು ಗ್ಯಾಮ್‌ಸ್ಯಾಟ್, ಯೂಕ್ಯಾಟ್, ಪತ್ರಿಕೆಗಳು, ರೈಲು ಎಲ್ಲ ಸೇರಿ ಸಾವಿರ ಪೌಂಡ್ ಆಸುಪಾಸು. ಎಂಎಸ್ಸಿಯ ಹತ್ತನೇ ಒಂದು ಭಾಗವೂ ಅಲ್ಲ. ಇಂಗ್ಲೆಂಡಿನ ಹೋಮ್ ವಿದ್ಯಾರ್ಥಿಗಳಿಗೆ ಈ ಕೋರ್ಸಿನ ಮೊದಲ ವರ್ಷ 3,465 ಪೌಂಡ್ ಕೈಯಿಂದ, ಉಳಿದ ಫೀಸಿಗೆ ಸಾಲ. ಎರಡನೇ ವರ್ಷದಿಂದ ಎನ್‌ಎಚ್‌ಎಸ್ ಬರ್ಸರಿ (ವಾಪಸ್ ಕೊಡಬೇಕಿಲ್ಲದ ನೆರವು) 3,715 ಕಟ್ಟುತ್ತದೆ, ಉಳಿದದ್ದಕ್ಕೆ ಮತ್ತೆ ಸಾಲ. ವೀಸಾ ಮೇಲೆ ಬಂದವರಿಗೆ ಇದು ಯಾವುದೂ ಅನ್ವಯಿಸುವುದಿಲ್ಲ, ಅವರ ಫೀಸೇ ಬೇರೆ. ಬರ್ಸರಿ ಶುರುವಾದ ವರ್ಷದಿಂದ ಮೇಂಟೆನೆನ್ಸ್ ಸಾಲ (ಊಟ, ಬಾಡಿಗೆಗೆ ಸಿಗುವ ಸಾಲ) ಇಳಿಯುತ್ತದೆ, ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ನಾನು 3,465ನ್ನು ನೈಟ್ ಶಿಫ್ಟ್ ದುಡ್ಡಿನಲ್ಲಿ ಎತ್ತಿಟ್ಟಾಗಿದೆ. ರೂಮಿನ ಡೆಪಾಸಿಟ್ ಇನ್ನೂ ಬಾಕಿ, ಅದಕ್ಕೆ ಆಗಸ್ಟ್‌ವರೆಗೂ ಭಾನುವಾರದ ಶಿಫ್ಟ್‌ಗಳನ್ನು ಹಾಕಿಸಿಕೊಂಡಿದ್ದೇನೆ.